ಬೈಸಿಕೊಳ್ಳಲು ಬಂದವರು

ಬೆಳಿಗ್ಗೆ ಹತ್ತಕ್ಕೆ ಟೈಲರ್ ತಮ್ಮ ಅಂಗಡಿಯ ಬಾಗಿಲು ತೆರೆದಾಗ ಹೊರಗೆ ಒಂಬತ್ತು ಜನ ಮೊಬೈಲ್ ಹಿಡಿದು ನಿಂತಿದ್ದರು. ಒಬ್ಬರ ಕೈಯಲ್ಲೂ ಬಟ್ಟೆ ಇರಲಿಲ್ಲ.

ಹೋದ ತಿಂಗಳು ಒಂದೇ ಪ್ಯಾಂಟನ್ನು ಮೂರನೇ ಸಲ ಸಡಿಲಿಸಲು ತಂದ ಗಿರಾಕಿಗೆ ಅವರು ಚೆನ್ನಾಗಿ ಬೈದಿದ್ದರು. ಅಂಗಡಿಗೆ ಪ್ರಚಾರ ಸಿಗಲೆಂದು ಮಗಳು ಅದರ ವಿಡಿಯೊ ಹಾಕಿದ್ದಳು. ಪ್ರಚಾರವೇನೋ ಸಿಕ್ಕಿತು, ಆದರೆ ಬಂದವರಿಗೆಲ್ಲ ಬೇಕಾದದ್ದು ಬೈಗುಳ. ಹಳೆಯ ಗಿರಾಕಿಗಳು ಗುಂಪು ನೋಡಿ ಹಿಂದಿರುಗುತ್ತಿದ್ದರು. ಮೂವತ್ತು ವರ್ಷ ಹೊಲಿದ ಕೈ ಹದಿನೈದು ದಿನದಿಂದ ಸೂಜಿ ಮುಟ್ಟಿರಲಿಲ್ಲ.

"ನಿನ್ನೆ ಬಂದೋರು ಒಂದೇ ಸ್ಟಾರ್ ಕೊಟ್ಟಿದಾರಪ್ಪ, ಮೆತ್ತಗೆ ಬೈದ್ರು ಅಂತ," ಎಂದಳು ಮಗಳು.

ಟೈಲರ್ ಹೊಸ್ತಿಲಿಗೆ ಬಂದರು. "ಹೊಲಿಗೆ ಕೆಲಸ ತಂದವರಿಗೆ ಮಾತ್ರ ಬೈಯೋದು. ಉಳಿದವರು ಮನೆಗೆ ಹೋಗಿ."

ಮುಂದೆ ನಿಂತಿದ್ದ ಗುಮಾಸ್ತನೊಬ್ಬ ತನ್ನ ಅಂಗಿಯ ಗುಂಡಿಯೊಂದನ್ನು ಕಿತ್ತು ಅವರ ಅಂಗೈಯಲ್ಲಿಟ್ಟು, ಮೊಬೈಲ್ ಮೇಲೆತ್ತಿದ. ಹಿಂದಿನವರೂ ಪಟಪಟನೆ ಕೀಳತೊಡಗಿದರು.

"ಬುದ್ಧಿ ಎಲ್ಲಿಟ್ಟು ಬಂದಿದೀಯಯ್ಯಾ? ಒಳ್ಳೇ ಅಂಗಿ ಅದು," ಎಂದರು ಟೈಲರ್, ಸೂಜಿಗೆ ದಾರ ಪೋಣಿಸುತ್ತ.

"ಇನ್ನೊಂಚೂರು ಜೋರಾಗಿ ಸಾರ್," ಎಂದ ಗುಮಾಸ್ತ.

ಸೋಮವಾರದಿಂದ ಬೈಗುಳದ ಸಮಯ ಹತ್ತರಿಂದ ಹನ್ನೊಂದು. ಆಮೇಲೆ ಹಳೆಯ ಗಿರಾಕಿಗಳ ಅಳತೆ.