ಬೊಸ್ತ್ಯಾಂವನ ಬೂಟಿನ ಪುಸ್ತಕ

ಬೊಸ್ತ್ಯಾಂವ್ ರಿಬೆಲೊ ತೀರಿಹೋಗಿ ಈ ಶುಕ್ರವಾರಕ್ಕೆ ಎರಡು ತಿಂಗಳು. ಮರುದಿನದ ಪತ್ರಿಕೆಯಲ್ಲಿ ಒಂದು ಪುಟ್ಟ ಸುದ್ದಿ ಬಂದಿತ್ತು: ದಾರಿ ತಪ್ಪಿದ ಯುವಕರನ್ನು ಫುಟ್‌ಬಾಲ್ ಆಡಿಸಿ ತಿದ್ದಿದ ಹೆಡ್ ಕಾನ್‌ಸ್ಟೇಬಲ್ ಇನ್ನಿಲ್ಲ. ಅವನಿದ್ದಿದ್ದರೆ ಆ ಹಾಳೆಯಲ್ಲಿ ಬಂಗುಡೆ ಮೀನು ಕಟ್ಟಿಸಿಕೊಂಡು ಬರುತ್ತಿದ್ದ. ‘ದಾರಿ ತಪ್ಪಿದ’ ಎಂಬ ಆ ಎರಡು ಪದಗಳನ್ನು ಹೊಡೆದುಹಾಕಲಿಕ್ಕೆಂದೇ ಅವನು ಪದಕ ಬಿಟ್ಟಿದ್ದ, ಬಡ್ತಿ ಬಿಟ್ಟಿದ್ದ, ಊರನ್ನೂ ಬಿಟ್ಟಿದ್ದ. ಅವನು ಸತ್ತ ಮಾರನೆಯ ದಿನವೇ ಅವು ಮತ್ತೆ ಬಂದು ಕೂತವು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕಾಗಿದೆ.

ಸಾಸಷ್ಟಿ ತಾಲೂಕಿನ ಕಡಲ ಬದಿಯ ಆಂಬ್ಯಾವಾಡೊ ಎಂಬ ಕೇರಿಯಲ್ಲಿ ಅವನ ಔಟ್‌ಪೋಸ್ಟ್ ಇತ್ತು. ಎರಡು ಕೋಣೆ, ಒಂದು ಲಾಕಪ್. ಆ ಲಾಕಪ್ಪಿನಲ್ಲಿ ಯಾರನ್ನಾದರೂ ಕೂಡಿಹಾಕಿದ ನೆನಪು ಊರಿಗಿರಲಿಲ್ಲ. ಹಬ್ಬದ ದಿನ ಫೆಣಿ ಹೆಚ್ಚಾಗಿ ಬಿದ್ದವರನ್ನೂ ಬೊಸ್ತ್ಯಾಂವ್ ಅವರವರ ಹೆಂಡತಿಯರ ವಶಕ್ಕೆ ಕೊಟ್ಟು ಬರುತ್ತಿದ್ದ. ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ಕಾನೂನಿನಲ್ಲೂ ಇಲ್ಲ ಎನ್ನುತ್ತಿದ್ದ.

ಕೊಯ್ಲಾದ ಮೇಲೆ ಗದ್ದೆಗಳು ಒಣಗಿ ಮೈದಾನವಾಗುತ್ತವೆ. ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿರುವಾಗ ಬೊಸ್ತ್ಯಾಂವ್ ಎದ್ದು, ಸಮವಸ್ತ್ರ ಬಿಚ್ಚಿ, ಮೊಣಕಾಲುದ್ದದ ಚಡ್ಡಿ ಹಾಕಿ, ನಾಲ್ಕೂವರೆಗೆ ಸೀಟಿ ಊದುತ್ತಿದ್ದ. ಹುಡುಗರು, ಹುಡುಗಿಯರು, ಮೀನುಗಾರರ ಮಕ್ಕಳು, ಬೇಕರಿಯವನ ಮಗ, ಎಲ್ಲ ಓಡಿ ಬರುತ್ತಿದ್ದರು. ಹಡಗಿನ ಕೆಲಸದಿಂದ ರಜೆಗೆ ಬಂದವರನ್ನೆಲ್ಲ ಕಾಡಿ ಮೂವತ್ತು ಜೊತೆ ಬೂಟು ಕೂಡಿಸಿದ್ದ. ಮೊದಲು ಅವನ್ನು ಚಾಪೆಲಿನ ಹಿಂದಿನ ಕೋಣೆಯಲ್ಲಿಟ್ಟ, ಇಲಿ ಕಡಿಯಿತು. ಆಮೇಲೆ ಲಾಕಪ್ಪಿನಲ್ಲಿಟ್ಟ. ಬೀಗವಿತ್ತು, ಇಲಿ ಇರಲಿಲ್ಲ.

ಅವನು ಪೊಲೀಸ್. ಕೈಯಿಂದ ಒಂದು ವಸ್ತು ಹೊರಗೆ ಹೋಗಬೇಕಾದರೆ ಸಹಿ ಬೇಕು, ಇಲ್ಲದಿದ್ದರೆ ರಾತ್ರಿ ಊಟ ಸೇರುವುದಿಲ್ಲ. ಕಪಾಟಿನಲ್ಲಿ ಎಂದೂ ಬಳಸದ ಒಂದು ದಪ್ಪ ಪುಸ್ತಕವಿತ್ತು. ಹೆಸರು, ತಂದೆಯ ಹೆಸರು, ವಾಡೊ, ಬಂದ ಹೊತ್ತು, ಹೋದ ಹೊತ್ತು, ಕಾರಣ, ಸಹಿ, ಎಲ್ಲಕ್ಕೂ ಗೆರೆ ಎಳೆದು ಕಾಲಂ ಮಾಡಿಟ್ಟಿದ್ದರು. ಬೂಟು ಕೊಡಲಿಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ಅಂಗಡಿಯಲ್ಲೂ ಸಿಗುವುದಿಲ್ಲ ಎನಿಸಿತು. ಒಂಬತ್ತು ವರ್ಷ ಅದರಲ್ಲೇ ಬರೆಸಿದ. ‘ಕಾರಣ’ದ ಕಾಲಂ ಮಾತ್ರ ಖಾಲಿ. ಕಾರಣ ಊರಿಗೆಲ್ಲ ಗೊತ್ತಿತ್ತು.

ರಟ್ಟಿನ ಮೇಲಿನ ಹೆಸರನ್ನು ಅವನು ಗಮನಿಸಿಯೇ ಇರಲಿಲ್ಲ. ಅದು ವಿಚಾರಣೆಗೆ ಕರೆತಂದವರ ಪುಸ್ತಕ.

ಅವನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಇಲಾಖೆ ಒಂದು ಸಮಾರಂಭ ಇಟ್ಟುಕೊಂಡಿತು. ಊರಿನ ಯುವಜನರಿಗಾಗಿ ಸ್ವಂತ ಇಷ್ಟದಿಂದ ದುಡಿದ ಪೊಲೀಸರಿಗೆ ಪದಕ. ಇನ್ಸ್‌ಪೆಕ್ಟರ್ ಪೆಡ್ಣೇಕರ್ ಬೊಸ್ತ್ಯಾಂವನ ಹೆಸರು ಕಳಿಸಿ, ಸಾಕ್ಷಿಗೆಂದು ಪುಸ್ತಕ ತರಿಸಿಕೊಂಡರು. ದೊಡ್ಡ ಠಾಣೆಯ ಗುಮಾಸ್ತ ಕೂತು ಎಣಿಸಿದ. ಇನ್ನೂರ ಹದಿನಾಲ್ಕು ಹೆಸರು. ಅತಿ ಹೆಚ್ಚು ಸಲ ಠಾಣೆಗೆ ಬಂದವಳು ಅವೆಲಿನಾ ಕಾರ್ದೋಝ್, ಆರುನೂರ ಹನ್ನೊಂದು ಸಲ.

ಅವೆಲಿನಾ ಗೋಲ್‌ಕೀಪರ್. ಜ್ವರವಿದ್ದಾಗಲೂ ಆಟ ತಪ್ಪಿಸಿದವಳಲ್ಲ.

ಅವಳ ತಾಯಿ ಎಸ್ಪೆ ಮೀನು ಮಾರುವವಳು. ಒಂದು ಬೆಳಿಗ್ಗೆ ಬುಟ್ಟಿಯನ್ನು ಔಟ್‌ಪೋಸ್ಟಿನ ಮೇಜಿನ ಮೇಲೇ ಇಟ್ಟಳು.

“ಏನ್ ಬಾಬ್, ನನ್ನ ಮಗಳು ಏನ್ ಕದ್ದಿದ್ಲು ಅಂತ ಸ್ವಲ್ಪ ಹೇಳ್ತೀರಾ?”

“ಬುಟ್ಟಿ ಕೆಳಗಿಡು ಎಸ್ಪೆ, ಕಾಗದ ಒದ್ದೆಯಾಗುತ್ತೆ.”

“ಆಗ್ಲಿ! ನಿಮ್ಮ ಕಾಗದದಿಂದ್ಲೇ ನನ್ನ ಮನೆ ಒದ್ದೆಯಾಗಿದೆ. ಪಾಸ್‌ಪೋರ್ಟು ನಿಲ್ಲಿಸಿದಾರೆ. ಠಾಣೆ ದಾಖಲೆಯಲ್ಲಿ ಹುಡುಗಿ ಹೆಸರಿದೆಯಂತೆ. ಒಂದ್ಸಲ ಅಲ್ಲ, ಆರುನೂರು ಸಲ! ಅಷ್ಟು ಸಲ ಇಗರ್ಜಿಗೆ ಹೋಗಿದ್ರೆ ಇಷ್ಟೊತ್ತಿಗೆ ಸಂತಳಾಗಿರೋಳು.”

ಇಪ್ಪತ್ತೊಂದು ದಿನದಲ್ಲಿ ಅವೆಲಿನಾ ಮುಂಬಯಿಯಲ್ಲಿ ಕೆಲಸಕ್ಕೆಂದು ಹಡಗು ಹತ್ತಬೇಕಿತ್ತು. ಸಂದರ್ಶನ ಮುಗಿದಿತ್ತು, ವೈದ್ಯರ ತಪಾಸಣೆ ಮುಗಿದಿತ್ತು. ಆ ಊರಿನಲ್ಲಿ ಹಡಗು ಎಂದರೆ ಮನೆಗೆ ಹೊಸ ಸೂರು, ತಮ್ಮನ ಓದು, ತಾಯಿಯ ತಲೆಯಿಂದ ಬುಟ್ಟಿ ಇಳಿಯುವುದು. ಎಸ್ಪೆ ಹೋದ ಮೇಲೆ ಬೊಸ್ತ್ಯಾಂವ್ ದೊಡ್ಡ ಠಾಣೆಗೆ ಫೋನು ಮಾಡಿ, ರಟ್ಟಿನ ಮೇಲೆ ಏನಿದೆ ಎಂದು ಗುಮಾಸ್ತನಿಂದ ಓದಿಸಿಕೊಂಡ. ಎರಡು ಸಲ ಓದಿಸಿದ.

ಅಂದೇ ಮಡಗಾಂವಿನ ಆ ಠಾಣೆಗೆ ಹೋಗಿ ಪೆಡ್ಣೇಕರರ ಮುಂದೆ ಒಂದು ಅರ್ಜಿ ಇಟ್ಟ. ಇದು ಬೂಟಿನ ಲೆಕ್ಕ, ಇದರಲ್ಲಿರುವ ಯಾರ ಮೇಲೂ ಯಾವ ದೂರೂ ಇಲ್ಲ ಎಂದು ಬರೆದಿದ್ದ.

ಪೆಡ್ಣೇಕರ್ ಕೆಟ್ಟ ಮನುಷ್ಯರಲ್ಲ. ಅರ್ಜಿ ಓದಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು.

“ರಿಬೆಲೊ, ಇದಕ್ಕೆ ಸಹಿ ಹಾಕಿದ್ರೆ ಏನಾಗುತ್ತೆ ಗೊತ್ತಾ? ಸರ್ಕಾರಿ ದಾಖಲೆ, ಸರ್ಕಾರಿ ಲಾಕಪ್ಪು, ಒಂಬತ್ತು ವರ್ಷ ದುರ್ಬಳಕೆ. ಪದಕ ಹೋಗುತ್ತೆ, ವಿಚಾರಣೆ ಬರುತ್ತೆ.”

“ಬರ್ಲಿ ಸಾಹೇಬ್ರೆ.”

“ದುಡುಕಬೇಡಿ. ಮೇಲಿನವರಿಗೆ ಆ ಇನ್ನೂರ ಹದಿನಾಲ್ಕು ಭಾರೀ ಇಷ್ಟವಾಗಿದೆ. ಸಮಾರಂಭ ಮುಗೀಲಿ. ಮೂರ್ನಾಲ್ಕು ತಿಂಗಳು ಬಿಟ್ಟು ಹುಡುಗಿಯ ಕಾಗದ ನಾನೇ ಸರಿ ಮಾಡ್ಸಿ ಕೊಡ್ತೀನಿ.”

“ಹಡಗು ಮೂರ್ನಾಲ್ಕು ತಿಂಗಳು ಕಾಯುತ್ತಾ? ಮತ್ತೆ ಉಳಿದ ಇನ್ನೂರ ಹದಿಮೂರು? ಅವರಿಗೂ ಒಬ್ಬೊಬ್ಬರಿಗೇ ಸರಿ ಮಾಡ್ಸಿ ಕೊಡ್ತಾ ಕೂರ್ತೀರಾ?”

ಪೆಡ್ಣೇಕರ್ ಅರ್ಜಿಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು.

ಮನೆಯಲ್ಲಿ ಹೆಂಡತಿ ಪಿಯೆದಾದ್ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಎಲ್ಲ ಕೇಳಿ ಅವಳು ಹೇಳಿದ್ದು ಇಷ್ಟೇ: “ಮದುವೆ ದಿನಾನೂ ನೀವು ಓದದೆ ಸಹಿ ಹಾಕಿದ್ರಿ. ಅವತ್ತು ನಾನು ಸಿಕ್ಕಿದ್ದಕ್ಕೆ ಬಚಾವಾದ್ರಿ. ಈಗ ಹೋಗಿ ನಿಮ್ಮ ತಪ್ಪು ನೀವೇ ಸರಿ ಮಾಡಿ. ಪಿಂಚಣಿ ಕಮ್ಮಿಯಾದ್ರೆ ಒಂದು ಹೊತ್ತು ಪೇಜ್-ಗಂಜಿ ಕುಡಿಯೋಣ.”

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ವಾಡೊದವರು ಒಂದು ಬಸ್ಸು ಮಾಡಿಕೊಂಡು ಬಂದಿದ್ದರು. ಎಸ್ಪೆ ಹಬ್ಬದ ಉಡುಪು ತೊಟ್ಟು ಮೂರನೆಯ ಸಾಲಿನಲ್ಲಿದ್ದಳು, ಪಕ್ಕದಲ್ಲಿ ತಲೆ ತಗ್ಗಿಸಿದ ಅವೆಲಿನಾ. ಬೊಸ್ತ್ಯಾಂವನ ಹೆಸರು ಕೂಗಿದರು. ಅವನು ವೇದಿಕೆಗೆ ಹೋಗಿ ಸೆಲ್ಯೂಟ್ ಹೊಡೆದು ನಿಂತ. ಪ್ರಶಂಸಾಪತ್ರ ಓದತೊಡಗಿದರು: ದಾರಿ ತಪ್ಪಿ ಪದೇ ಪದೇ ಠಾಣೆಯ ಮೆಟ್ಟಿಲು ಹತ್ತಿದ ಇನ್ನೂರ ಹದಿನಾಲ್ಕು ಯುವಕ ಯುವತಿಯರನ್ನು ತಿದ್ದಿ...

ಹಿರಿಯ ಅಧಿಕಾರಿ ಪದಕ ಎತ್ತಿಕೊಂಡು ಮುಂದೆ ಬಂದರು. ಬೊಸ್ತ್ಯಾಂವ್ ಎರಡು ಹೆಜ್ಜೆ ಹಿಂದೆ ಸರಿದ. ಮೈಕಿನ ಬಳಿ ನಿಂತ.

“ಕ್ಷಮಿಸಬೇಕು ಸಾಹೇಬ್ರೆ. ಈ ಪದಕ ತಗೊಂಡ್ರೆ ನಾನು ಆ ಓದಿದ್ದಕ್ಕೆಲ್ಲ ಹೌದು ಅಂದ ಹಾಗಾಗುತ್ತೆ. ಆ ಮಕ್ಕಳು ಯಾರೂ ದಾರಿ ತಪ್ಪಿದವರಲ್ಲ. ನಾಲ್ಕೂವರೆಗೆ ಸೀಟಿ ಊದಿದ್ರೆ ದಾರಿ ಹಿಡ್ಕೊಂಡು ನೇರ ಗದ್ದೆಗೆ ಬರೋರು. ಠಾಣೆಗೆ ಬಂದಿದ್ದು ಬೂಟಿಗೆ. ಸರ್ಕಾರದ ಪುಸ್ತಕದಲ್ಲಿ ಬೂಟಿನ ಲೆಕ್ಕ ಬರೆದವನು ನಾನು. ಲಾಕಪ್ಪಿನಲ್ಲಿ ಬೂಟಿಟ್ಟವನು ನಾನು. ಅಲ್ಲಿ ತಪ್ಪು ಮಾಡಿದ ಒಬ್ಬನೇ ಒಬ್ಬ ನಾನು. ಅದನ್ನ ಬರ್ಕೊಳ್ಳಿ.”

ಹಿರಿಯ ಅಧಿಕಾರಿಯ ಕೈಯಲ್ಲಿ ಪದಕದ ಪಟ್ಟಿ ಜೋತಾಡುತ್ತಿತ್ತು. ಮೂರನೆಯ ಸಾಲಿನಿಂದ, ಸಂತೆಯಲ್ಲಿ ಮೀನು ಕೂಗಿ ಪಳಗಿದ ದನಿ ಎದ್ದಿತು.

“ಬರ್ಕೊಳ್ಳಿ ಅಂದ್ರಲ್ಲ, ಬರ್ಕೊಳ್ಳಿ! ಪೆನ್ನು ಬೇಕಾ?”

ಅಧಿಕಾರಿಯ ಹಿಂದೆ ನಿಂತಿದ್ದ ಸಹಾಯಕ, ಏನು ಮಾಡಬೇಕೆಂದು ತಿಳಿಯದೆ, ನಿಜವಾಗಿಯೂ ಬರೆದುಕೊಂಡ. ಪೆಡ್ಣೇಕರರ ಖಾನೆಯೊಳಗಿನ ಅರ್ಜಿ ಆಮೇಲೆ ಅಲ್ಲಿ ಉಳಿಯುವ ಹಾಗಿರಲಿಲ್ಲ.

ಅವೆಲಿನಾಗೆ ಆ ಹಡಗು ತಪ್ಪಿತು. ಕಾಗದ ಸರಿಯಾಗಿ ಬರುವುದರೊಳಗೆ ಅದು ಹೊರಟು ಹೋಗಿತ್ತು. ಎರಡೂವರೆ ತಿಂಗಳ ಮೇಲೆ ಬೇರೊಂದು ಹಡಗು ಸಿಕ್ಕಿತು, ಅದರಲ್ಲಿ ಹೋದಳು. ಇನ್ನೂರ ಹದಿನಾಲ್ಕು ಹೆಸರಿನ ಎದುರಿಗೂ ಕೆಂಪು ಮಸಿಯಲ್ಲಿ ‘ದೂರಿಲ್ಲ’ ಎಂದು ಬರೆಯಬೇಕಾಯಿತು. ಬೊಸ್ತ್ಯಾಂವನನ್ನೇ ಕೂರಿಸಿ ಬರೆಸಿದರು. ಅವನು ಹಾಡು ಗುನುಗುತ್ತ ಬರೆದ. ವಿಚಾರಣೆ ನಡೆಯಿತು. ಬಡ್ತಿ ನಿಂತಿತು. ರಾಜ್ಯದ ಇನ್ನೊಂದು ತುದಿಯ ಚೆಕ್‌ಪೋಸ್ಟಿಗೆ ವರ್ಗವಾಯಿತು.

ಇನ್ನು ಆಟ ನಿಂತಿತು ಎಂದು ಪೆಡ್ಣೇಕರ್ ಕೂಡ ಅಂದುಕೊಂಡಿದ್ದರು. ಮೊದಲ ಭಾನುವಾರವೇ ಅವನು ಮೂರು ಬಸ್ಸು ಬದಲಿಸಿ ಬಂದ. ಕಂಕುಳಲ್ಲಿ ಅಂಗಡಿಯಲ್ಲಿ ಕೊಂಡ ಉದ್ದನೆಯ ನೋಟ್‌ಬುಕ್ಕು. ಅವನೇ ಗೆರೆ ಎಳೆದಿದ್ದ. ಈ ಸಲ ‘ಕಾರಣ’ದ ಕಾಲಂ ಎಲ್ಲಕ್ಕಿಂತ ಅಗಲ. ಅದನ್ನು ತುಂಬದವರಿಗೆ ಬೂಟಿಲ್ಲ ಎಂದ. ಮಕ್ಕಳು ಬರೆದರು: ಆಡಲಿಕ್ಕೆ. ಗೆಲ್ಲಲಿಕ್ಕೆ. ಮನೆಯಲ್ಲಿ ಪಾತ್ರೆ ತೊಳೆಯುವುದು ತಪ್ಪಿಸಲಿಕ್ಕೆ. ಎಲ್ಲವನ್ನೂ ಒಪ್ಪಿದ. ನಿವೃತ್ತಿಯವರೆಗೂ ಒಂದು ಭಾನುವಾರ ಬಿಡಲಿಲ್ಲ, ನಿವೃತ್ತಿಯ ಮೇಲೆ ಒಂದು ದಿನವೂ ಬಿಡಲಿಲ್ಲ. ಕೊನೆಯ ದಿನ ಕೂಡ ಸೀಟಿ ಕೊರಳಲ್ಲಿತ್ತು. ಅಂದು ನಾಲ್ಕೂವರೆಗೆ ಅದು ಕೇಳಿಸಲಿಲ್ಲ ಎಂದೇ ಮಕ್ಕಳು ಅವನ ಮನೆಗೆ ಓಡಿ ಬಂದದ್ದು.

ಕಳೆದ ವಾರ ಇಲಾಖೆಯಿಂದ ಇಬ್ಬರು ಬಂದಿದ್ದರು. ಯುವಜನರಿಗಾಗಿ ದುಡಿವ ಪೊಲೀಸರಿಗೆ ಕೊಡುವ ಪದಕಕ್ಕೆ ಇನ್ನು ಮುಂದೆ ಬೊಸ್ತ್ಯಾಂವನ ಹೆಸರಿಡುತ್ತಾರಂತೆ. ಅದಕ್ಕೆ ಅವನ ಫೋಟೊ ಬೇಕಿತ್ತು. ಪಿಯೆದಾದ್ ಅವರನ್ನು ಕೂರಿಸಿ ಚಹಾ ಕೊಟ್ಟು, ಟೈಪು ಮಾಡಿದ ಹಾಳೆಯನ್ನು ಕೊನೆಯವರೆಗೂ ಓದಿದಳು. ಆಮೇಲೆ ಪೆನ್ನು ಕೇಳಿ ಇಸಿದುಕೊಂಡು ಎರಡು ಪದಗಳ ಮೇಲೆ ಗೆರೆ ಎಳೆದಳು.

“ಹೀಗೆ ಮಾಡಿ ತನ್ನಿ, ಫೋಟೊ ಕೊಡ್ತೀನಿ.”

“ಬಾಯಿಯವ್ರೇ, ಅದು ಮೇಲಿನವರ ಒಪ್ಪಿಗೆಯಾಗಿ ಬಂದಿದ್ದು...”

“ನಮ್ಮವರೂ ಮೇಲೇ ಇದಾರೆ ಈಗ. ಅವರ ಒಪ್ಪಿಗೆ ಇಲ್ಲ.”

ಅವರು ಹಾಳೆ ಮಡಚಿಕೊಂಡು ಹೋದರು. ಇನ್ನೂ ಬಂದಿಲ್ಲ. ಫೋಟೊ ಗೋಡೆಯ ಮೇಲೇ ಇದೆ.