ಬರಿಗಾಲಿನ ಟ್ರ್ಯಾಕ್ಟರ್ ಡ್ರೈವರ್

ಎಂಬತ್ತರ ದಶಕದಲ್ಲಿ ಕೆಂಗೇರಿಯ ನಮ್ಮ ಹೊಲವೆಲ್ಲ ಸೈಟುಗಳಾದವು. ನಮಗೆಂದು ಉಳಿದ ತುಂಡು ಜಾಗದಲ್ಲಿ ಮನೆ ಕಟ್ಟಿಸಿದೆವು. ಮೊಸಾಯಿಕ್ ನೆಲ ಚಳಿಗಾಲದಲ್ಲಿ ಕೊರೆಯುತ್ತಿತ್ತು. ಅತ್ತೆಗೆ ಮಂಡಿನೋವು, ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ರೂಮಿನಲ್ಲಿ ಹಾಕಿಕೊಂಡಿರುತ್ತಿದ್ದವರು ಹಾಲ್‌ಗೆ ಬರುವಾಗ ಮಾತ್ರ ಬಿಚ್ಚಿಬಿಡುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು.

"ನೋವು ಅಂತ ನರಳೋದೂ ನೀವೇ, ಹಠ ಮಾಡೋದೂ ನೀವೇ" ಎಂದು ದಿನಾ ಗೊಣಗುತ್ತಿದ್ದೆ.

ಒಮ್ಮೆ ಅವರ ಟ್ರಂಕಿನಲ್ಲಿ ಹಳೆಯ ಫೋಟೊ ಸಿಕ್ಕಿತು. ನಮ್ಮ ಹೊಲಕ್ಕೆ ಮೊದಲ ಸಲ ಬಾಡಿಗೆಗೆ ಬಂದ ಟ್ರ್ಯಾಕ್ಟರ್, ಹರಡಿದ ರಾಗಿ ತೆನೆಯ ಮೇಲೆ ಸುತ್ತುತ್ತಿದೆ. ಡ್ರೈವರ್ ಪ್ಯಾಂಟು ತೊಟ್ಟು ಕೂಲಿಂಗ್ ಗ್ಲಾಸ್ ಹಾಕಿದ್ದಾನೆ. ಕಾಲು ಮಾತ್ರ ಬರಿಗಾಲು. ನನಗೆ ನಗು ಬಂತು.

"ಇಷ್ಟು ಶೋಕಿ ಮಾಡಿದಾನೆ, ಚಪ್ಪಲಿ ಯಾಕಿಲ್ಲ ಅತ್ತೆ?"

"ರಾಗಿ ಒಕ್ಕೋ ಕಣಕ್ಕೆ ಚಪ್ಪಲಿ ಹಾಕ್ಕೊಂಡು ಬರ್ತಾರೇನೇ? ಬೈದು ನಾನೇ ಬಿಚ್ಚಿಸಿದ್ದೆ."

"ಎಲ್ಲಿತ್ತು ಆ ಕಣ?"

"ಇಲ್ಲೇ. ಈಗ ನಮ್ಮ ಹಾಲ್ ಇದೆಯಲ್ಲ, ಇದೇ ಜಾಗ."

ನಾನು ತಲೆ ತಗ್ಗಿಸಿದೆ. ಹಾಲ್‌ನ ನಡುವೆ ನಿಂತಿದ್ದ ನನ್ನ ಕಾಲಲ್ಲಿ ಹವಾಯಿ ಚಪ್ಪಲಿಗಳಿದ್ದವು. ಗುರುತು ಪರಿಚಯವಿಲ್ಲದ ಡ್ರೈವರನನ್ನು ಬೈದು ಬಿಚ್ಚಿಸಿದ್ದ ಅತ್ತೆ, ಸೊಸೆಗೆ ಮಾತ್ರ ಒಂದು ದಿನವೂ ಬಿಚ್ಚು ಎಂದಿರಲಿಲ್ಲ.