ಎದುರು ಮನೆಯ ಅಜ್ಜನ ತೆಂಗಿನಕಾಯಿ

ನೇಪರ್‌ವಿಲ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಮೆರಿಕನ್ ಅಜ್ಜ ಬಾಗಿಲು ತೆಗೆದ ಕೂಡಲೇ ಹೊರಗೆ ಬರುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು ಅಂಗಳದ ಮೇಪಲ್ ಮರವನ್ನು ಬುಡದಿಂದ ತುದಿಯವರೆಗೆ ನೋಡಿ, ಆಮೇಲೆ ಕಾಲಿಡುತ್ತಿದ್ದರು. ತೊಂಬತ್ತು ದಾಟಿದವರು, ಅಳಿಲು ನೋಡುತ್ತಾರೆ ಅಂದುಕೊಂಡಿದ್ದೆ. ಸ್ಕೂಲ್ ಬಸ್ಸಿಗೆ ಓಡುವ ನನ್ನ ಮಗಳಿಗೂ ಹೇಳುತ್ತಿದ್ದರು: "ಮೊದಲು ಮೇಲೆ ನೋಡು."

ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಅವರನ್ನೂ ಕರೆದಿದ್ದೆವು. ಹೊರಡುವಾಗ, ಎಲ್ಲರಿಗೂ ಕೊಟ್ಟಂತೆ, ತಾಂಬೂಲದ ತೆಂಗಿನಕಾಯಿಯನ್ನು ಅವರ ಕೈಗಿಟ್ಟೆ. ಅವರ ಕಣ್ಣು ತಟ್ಟನೆ ನಮ್ಮ ಸೀಲಿಂಗಿನತ್ತ ಹೋಯಿತು.

"ಎರಡನೇ ಮಹಾಯುದ್ಧದಲ್ಲಿ ಒಂದು ದ್ವೀಪದಲ್ಲಿದ್ದೆವು," ಎಂದರು ಇಂಗ್ಲಿಷಿನಲ್ಲಿ. "ನನಗೆ ಹತ್ತೊಂಬತ್ತು. ಎರಡು ದಿನದಿಂದ ನೀರಿರಲಿಲ್ಲ. ತೆಂಗಿನಮರದಿಂದ ಒಂದು ಕಾಯಿ ತಾ ಎಂದು ಗೆಳೆಯನನ್ನು ಕಳಿಸಿದೆ. ಮರದ ಮೇಲೆ ಬಂದೂಕು ಹಿಡಿದವನೊಬ್ಬ ಕೂತಿದ್ದ. ನಾವಿಬ್ಬರೂ ಮೇಲೆ ನೋಡಲಿಲ್ಲ. ಗೆಳೆಯ ವಾಪಸು ಬರಲಿಲ್ಲ."

ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನಿಗೆ ಇಂಗ್ಲಿಷ್ ಬಾರದು. 'ವಾಟರ್' ಎಂಬುದೊಂದೇ ಅರ್ಥವಾಗಿತ್ತು. ಅಜ್ಜನ ಕೈಯಿಂದ ಕಾಯಿ ತೆಗೆದುಕೊಂಡು ಒಡೆದು, ನೀರನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅಜ್ಜ ಕುಡಿಯಲಿಲ್ಲ. ಲೋಟ ಹಿಡಿದು ಬಾಗಿಲಿಗೆ ಹೋದರು. ಈ ಸಲ ಮೇಲೆ ನೋಡದೆ ನೆಟ್ಟಗೆ ಅಂಗಳಕ್ಕಿಳಿದು, ಬಗ್ಗಿ, ನೀರನ್ನು ಹುಲ್ಲಿನ ಮೇಲೆ ನಿಧಾನವಾಗಿ ಸುರಿಯತೊಡಗಿದರು.

ಬಿದ್ದುಬಿಟ್ಟಾರೆಂದು ನಾನು ಹಿಡಿಯಲು ಓಡಿದೆ. ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಸುಮ್ನಿರೇ. ಅವರು ಯಾರಿಗೋ ನೀರು ಬಿಡ್ತಿದಾರೆ."